ಜಪಾನಿನ ಹಾಗೆ ನಮ್ಮ ಮಕ್ಕಳೂ ಶಾಲೆ ಗುಡಿಸಬಾರದಾ?

ಜಪಾನಿನಿಂದ ಬಂದ ಮೇಲೆ ಜನ ನನ್ನನ್ನು ಅತಿ ಹೆಚ್ಚು ಕೇಳಿರುವ ಪ್ರಶ್ನೆ ಇದು. ನಮ್ಮ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೇಳುತ್ತಾರೆ. ಕ್ಲಸ್ಟರ್ ಸಭೆಯಲ್ಲಿ ಜೊತೆಯ ಶಿಕ್ಷಕರು ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಪಕ್ಕದಲ್ಲಿ ಕೂತವರೂ ಕೇಳುತ್ತಾರೆ. "ಅಲ್ಲಿ ಮಕ್ಕಳೇ ಶಾಲೆ ಕ್ಲೀನ್ ಮಾಡ್ತಾರಂತಲ್ಲ ಮೇಡಂ, ವಾಟ್ಸಾಪಲ್ಲಿ ವಿಡಿಯೋ ಬಂದಿತ್ತು. ನಮ್ಮಲ್ಲೂ ಮಾಡಿಸಬಾರದಾ?"

ನನ್ನ ಉತ್ತರ: ಆಗಲಿ, ಖಂಡಿತ ಮಾಡೋಣ. ಆದರೆ ಪೊರಕೆ ಎಲ್ಲರ ಕೈಗೂ ಬರಬೇಕು. ಮೊದಲು ಶಿಕ್ಷಕರ ಕೈಗೆ ಬರಬೇಕು. ಶೌಚಾಲಯದ ಬ್ರಷ್ ಮಾತ್ರ ನಮ್ಮ ಯಾವ ಮಗುವಿನ ಕೈಗೂ ಹೋಗಬಾರದು. ಇದನ್ನು ಒಪ್ಪದೆ ಬರೀ ವಿಡಿಯೋ ನೋಡಿ ಶುರು ಮಾಡಿದರೆ ಕೆಟ್ಟದ್ದೇ ಆಗುತ್ತದೆ ಅಂತ ನನಗೆ ಅನಿಸುತ್ತದೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಪಾನ್ ಸರ್ಕಾರ ಬೇರೆ ದೇಶಗಳ ಶಾಲಾ ಶಿಕ್ಷಕರಿಗೆ ಒಂದು ತರಬೇತಿ ವಿದ್ಯಾರ್ಥಿವೇತನ ಕೊಡುತ್ತದೆ. ಒಂದೂವರೆ ವರ್ಷದ್ದು. ಮೊದಲ ಆರು ತಿಂಗಳು ಭಾಷೆ ಕಲಿಕೆ, ಆಮೇಲೆ ವಿಶ್ವವಿದ್ಯಾಲಯದಲ್ಲಿ ಓದು, ಜೊತೆಗೆ ಶಾಲೆಗಳ ಭೇಟಿ. ನಾನು ಹೋದದ್ದು ಹಾಗೆ. ಇದ್ದದ್ದು ನಾರಾ ಊರಿನಲ್ಲಿ. ಕ್ಯೋಟೋಗೂ ಮುಂಚೆ ಜಪಾನಿನ ರಾಜಧಾನಿಯಾಗಿದ್ದ ಊರು ಅದು. ಈಗಲೂ ಜಿಂಕೆಗಳು ರಸ್ತೆಯಲ್ಲೇ ಓಡಾಡಿಕೊಂಡಿರುತ್ತವೆ.

ಅಲ್ಲಿಯ ಪ್ರಾಥಮಿಕ ಶಾಲೆಗೆ ಕಾಲಿಟ್ಟ ಕೂಡಲೇ ಚಪ್ಪಲಿ, ಶೂ ಬಿಚ್ಚಬೇಕು. ಒಳಗೆ ಹಾಕಿಕೊಳ್ಳಲು ಬೇರೆಯೇ ಬಿಳಿ ಶೂ. ಒಂದೊಂದು ಮಗುವಿಗೂ ಹೆಸರು ಬರೆದ ಒಂದೊಂದು ಗೂಡು. ಒಳಗಿನ ನೆಲದ ಮೇಲೆ ಹೊರಗಿನ ಮಣ್ಣು ಅಷ್ಟಾಗಿ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ವಿಡಿಯೋದಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಮಣ್ಣಿನ ಅಂಗಳದ ಶಾಲೆಯಲ್ಲಿ ಬೆಳಿಗ್ಗೆ ಗುಡಿಸಿದ ಕೋಣೆ ಹತ್ತು ಗಂಟೆಯೊಳಗೆ ಮತ್ತೆ ಮೊದಲಿನ ಹಾಗಾಗುತ್ತದೆ.

ಸ್ವಚ್ಛತೆಗೆ ದಿನಕ್ಕೆ ಸುಮಾರು ಹದಿನೈದು, ಇಪ್ಪತ್ತು ನಿಮಿಷ. ಜಾಸ್ತಿ ಕಡೆ ಊಟದ ನಂತರ. ಮೈಕಿನಲ್ಲಿ ಒಂದು ಹಾಡು ಶುರುವಾಗುತ್ತದೆ. ಮಕ್ಕಳು ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಡೆಸ್ಕುಗಳನ್ನೆಲ್ಲ ಕೋಣೆಯ ಒಂದು ಬದಿಗೆ ತಳ್ಳುತ್ತಾರೆ. ಅರ್ಧ ಕೋಣೆ ಗುಡಿಸಿ, ಒರೆಸಿ, ಡೆಸ್ಕುಗಳನ್ನು ಈಚೆಗೆ ತಂದು ಇನ್ನರ್ಧ. ಒರೆಸುವ ಬಟ್ಟೆ ಮನೆಯಿಂದ ಬಂದದ್ದು, ಹಳೇ ಟವೆಲ್ ಮಡಚಿ ಹೊಲಿದದ್ದು. ನನಗೆ ಎಷ್ಟು ನೋಡಿದರೂ ಸಾಲದು ಅನಿಸಿದ್ದು ಕಾರಿಡಾರ್. ನಾಲ್ಕೈದು ಮಕ್ಕಳು ಸಾಲಾಗಿ ಬಗ್ಗಿ, ಎರಡೂ ಅಂಗೈಯನ್ನು ಬಟ್ಟೆಯ ಮೇಲೆ ಊರಿ, ಸೊಂಟ ಮೇಲೆತ್ತಿ ಓಡುತ್ತಾ ಈ ತುದಿಯಿಂದ ಆ ತುದಿಗೆ ಒರೆಸಿಕೊಂಡು ಹೋಗುತ್ತಾರೆ. ತಿರುಗಿ ಬರುವಾಗ ಪೈಪೋಟಿ. ಆರನೇ ತರಗತಿಯ ಹುಡುಗಿಯೊಬ್ಬಳು ಒಂದನೇ ತರಗತಿಯ ಪುಟ್ಟನಿಗೆ ಬಟ್ಟೆ ಹಿಂಡುವುದನ್ನು ಹೇಳಿಕೊಡುತ್ತಿದ್ದಳು. ಅವನು ಎಷ್ಟು ತಿರುಚಿದರೂ ನೀರು ತೊಟ್ಟಿಕ್ಕುತ್ತಲೇ ಇತ್ತು. ಅವಳು ಅವನ ಕೈಮೇಲೆ ಕೈಯಿಟ್ಟು ತಿರುಚಿ ತೋರಿಸಿದಳು. ಅವನ ಕೈಯಿಂದ ಬಟ್ಟೆಯನ್ನು ಮಾತ್ರ ಕಿತ್ತುಕೊಳ್ಳಲಿಲ್ಲ.

ಇನ್ನು ಕೆಲಸ ಹಂಚುವ ಚಕ್ರ. ತರಗತಿಯ ಗೋಡೆಯ ಮೇಲೆ ರಟ್ಟಿನ ಎರಡು ವೃತ್ತ, ಒಂದರ ಮೇಲೊಂದು, ನಡುವೆ ಪಿನ್. ಹೊರಗಿನ ವೃತ್ತದಲ್ಲಿ ಕೆಲಸಗಳು: ಕೋಣೆ, ಕಾರಿಡಾರ್, ಮೆಟ್ಟಿಲು, ಕೈತೊಳೆಯುವ ಜಾಗ. ಒಳಗಿನದರಲ್ಲಿ ಮಕ್ಕಳ ಗುಂಪುಗಳು. ವಾರಕ್ಕೊಮ್ಮೆ ಒಂದು ಮನೆ ತಿರುಗಿಸಿದರೆ ಆಯಿತು. ಹೋದ ವಾರ ಮೆಟ್ಟಿಲು ಗುಡಿಸಿದವರು ಈ ವಾರ ಕೋಣೆಗೆ. ಯಾವ ಮಗು ಯಾವ ಕೆಲಸ ಮಾಡಬೇಕು ಅಂತ ಟೀಚರ್ ಬೆರಳು ತೋರಿಸಿ ಆರಿಸುವ ಪ್ರಸಂಗವೇ ಬರುವುದಿಲ್ಲ. ಚೆನ್ನಾಗಿ ಓದುವವರಿಗೆ ಬಿಡುವಿಲ್ಲ, ದೊಡ್ಡವರ ಮನೆ ಮಕ್ಕಳಿಗೆ ವಿನಾಯಿತಿ ಇಲ್ಲ. ತುಂಟತನ ಮಾಡಿದವನಿಗೆ ಶಿಕ್ಷೆ ಅಂತ ಹೆಚ್ಚಿಗೆ ಗುಡಿಸುವ ಕೆಲಸ ಕೊಟ್ಟದ್ದನ್ನೂ ನಾನು ನೋಡಲಿಲ್ಲ.

ಆ ಹೊತ್ತಿನಲ್ಲಿ ಟೀಚರುಗಳು ಏನು ಮಾಡುತ್ತಾರೆ? ಅವರೂ ಮೊಣಕಾಲೂರಿ ನೆಲ ಒರೆಸುತ್ತಿರುತ್ತಾರೆ. ನಾನು ಹೋದ ಒಂದು ಶಾಲೆಯಲ್ಲಿ ಉಪ ಮುಖ್ಯ ಶಿಕ್ಷಕರು ಗೇಟಿನ ಹತ್ತಿರ ಎಲೆ ಗುಡಿಸುತ್ತಿದ್ದರು. ನಾನು ಅವರನ್ನು ತೋಟದ ಕೆಲಸದವರು ಅಂದುಕೊಂಡೇ ನಮಸ್ಕಾರ ಹೇಳಿ ಒಳಗೆ ಹೋದೆ. ಆಮೇಲೆ ಆಫೀಸಿನಲ್ಲಿ ಅವರೇ ಎದುರು ಬಂದು ಕೂತು ಶಾಲೆಯ ಬಗ್ಗೆ ಮಾತಾಡಿದರು. ಶಾಲೆ ಸುತ್ತುವಾಗ ನನ್ನ ಕೈಗೂ ಒಂದು ಬಟ್ಟೆ ಬಂತು. ಅತಿಥಿ ಅಂತ ಯಾರೂ ತಡೆಯಲಿಲ್ಲ. ನನಗೆ ಅದು ತುಂಬಾ ಇಷ್ಟವಾಯಿತು.

ಊಟದಲ್ಲೂ ಹೀಗೆಯೇ ಸರದಿ. ಬಡಿಸುವ ಸರದಿ ಇದ್ದವರು ಬಿಳಿ ಅಂಗಿ, ಟೋಪಿ, ಮಾಸ್ಕ್ ಹಾಕಿಕೊಂಡು ಪಾತ್ರೆ ಎತ್ತಿಕೊಂಡು ಬರುತ್ತಾರೆ, ಇಡೀ ತರಗತಿಗೆ ಬಡಿಸುತ್ತಾರೆ. ಶುಕ್ರವಾರ ಆ ಅಂಗಿಯನ್ನು ಮನೆಗೆ ಒಯ್ದು, ಒಗೆದು, ಇಸ್ತ್ರಿ ಮಾಡಿ ಸೋಮವಾರ ಮುಂದಿನವರಿಗೆ ಒಪ್ಪಿಸಬೇಕು. ಮಕ್ಕಳು ಉಣ್ಣುವ ಮೊದಲು ಮುಖ್ಯ ಶಿಕ್ಷಕರು ಆ ದಿನದ ಊಟವನ್ನು ತಿಂದು ನೋಡಿರುತ್ತಾರೆ. ಅದು ಅವರ ಕೆಲಸದ ಭಾಗ. ಹಾಲಿನ ಖಾಲಿ ಡಬ್ಬಗಳನ್ನು ಮಕ್ಕಳು ಬಿಡಿಸಿ, ತೊಳೆದು, ಒಣಗಲು ಇಡುತ್ತಾರೆ. ಶಾಲೆಯೂಟ ಅಲ್ಲಿ 1889ರಲ್ಲೇ ಯಮಗಾತ ಪ್ರಾಂತ್ಯದ ಒಂದು ಊರಿನಲ್ಲಿ, ಬಡಮಕ್ಕಳಿಗಾಗಿ ಶುರುವಾದದ್ದು. 1954ರಲ್ಲಿ ಅದಕ್ಕೆ ಕಾನೂನು ಬಂತು. ಈ ಗುಡಿಸುವುದು, ಬಡಿಸುವುದು, ತರಗತಿಯ ಸಭೆ ನಡೆಸುವುದು ಎಲ್ಲ ಗಣಿತ, ಭಾಷೆಯ ಹಾಗೆಯೇ ಸರ್ಕಾರದ ಪಠ್ಯಕ್ರಮದ ಚೌಕಟ್ಟಿನೊಳಗೆ ಬರುತ್ತವೆ. ಈಜಿಪ್ಟ್ ದೇಶ ಜಪಾನಿನ ಜೊತೆ ಸೇರಿ 2018ರಿಂದ ಇದೇ ಮಾದರಿಯ ಶಾಲೆಗಳನ್ನು ನಡೆಸುತ್ತಿದೆ.

ಎಲ್ಲಾ ಸರಿಯಾಗಿದೆ ಅಂತ ನಾನು ಹೇಳುತ್ತಿಲ್ಲ. 2023ರ ಶೈಕ್ಷಣಿಕ ವರ್ಷದಲ್ಲಿ ಜಪಾನಿನ ಪ್ರಾಥಮಿಕ ಮತ್ತು ಕಿರಿಯ ಪ್ರೌಢಶಾಲೆಗಳಲ್ಲಿ ದೀರ್ಘಕಾಲ ಶಾಲೆಗೆ ಬಾರದೆ ಉಳಿದ ಮಕ್ಕಳ ಸಂಖ್ಯೆ ಸುಮಾರು 3.46 ಲಕ್ಷ. ಮಕ್ಕಳು ಮಕ್ಕಳನ್ನೇ ಕಾಡುವುದು ಎಷ್ಟು ದೊಡ್ಡ ಸಮಸ್ಯೆ ಎಂದರೆ ಅದನ್ನು ತಡೆಯಲು 2013ರಲ್ಲಿ ಬೇರೆ ಕಾನೂನನ್ನೇ ಮಾಡಬೇಕಾಯಿತು. ಶಿಕ್ಷಕರ ದಿನ ಮುಗಿಯುವುದೇ ರಾತ್ರಿ. ಎಲ್ಲರೂ ಒಂದೇ ಥರ ಇರಬೇಕು ಅನ್ನುವ ಒತ್ತಡ ಆ ಮಕ್ಕಳ ಮೇಲೆ ಬಹಳ ಇದೆ. ಸರದಿ ಪದ್ಧತಿಯ ಇನ್ನೊಂದು ಮುಖ ಅದು.

ನನ್ನ ಯೋಚನೆಗೆ ದಾರಿ ತೋರಿಸಿದ್ದು ಶಾಲೆಯಿಂದ ಹೊರಗಿನ ಒಂದು ಜಾಗ. ನಾರಾ ಪ್ರಾಂತ್ಯದಲ್ಲೇ ಗೋಸೆ ಅಂತ ಒಂದು ಊರು. ಅಲ್ಲಿ ಸುಯ್‌ಹೇಯ್‌ಶಾ ಚಳವಳಿಯ ಮ್ಯೂಸಿಯಂ ಇದೆ. ನಮ್ಮ ಜನರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ ಇದು: ಜಪಾನಿನಲ್ಲೂ ಅಸ್ಪೃಶ್ಯತೆ ಇತ್ತು. ಸತ್ತ ದನ ಸಾಗಿಸುವವರು, ಚರ್ಮ ಹದ ಮಾಡುವವರು, ಮರಣದಂಡನೆಯ ಕೆಲಸ ಮಾಡುವವರು ಊರ ಹೊರಗೆ ಬೇರೆ ಕೇರಿಗಳಲ್ಲಿ ಇರಬೇಕಿತ್ತು. ಅವರನ್ನು ಬುರಾಕು ಜನ ಎನ್ನುತ್ತಾರೆ. ಅದೇ ಮುಖ, ಅದೇ ಭಾಷೆ, ಆದರೂ ಅವರು ಬೇರೆ. 1871ರಲ್ಲಿ ಸರ್ಕಾರ ಆ ಕೀಳು ದರ್ಜೆಯನ್ನು ಕಾಗದದ ಮೇಲೆ ರದ್ದು ಮಾಡಿತು. ಅದಾದ ಮೇಲೂ ಆ ಮಕ್ಕಳಿಗೆ ಬೇರೆ ಶಾಲೆ ಮಾಡಿದ್ದುಂಟು. 1922ರ ಮಾರ್ಚ್ 3ರಂದು ಕ್ಯೋಟೋದಲ್ಲಿ ಅವರೇ ಒಟ್ಟಾಗಿ ಸುಯ್‌ಹೇಯ್‌ಶಾ ಎಂಬ ಸಂಘಟನೆ ಕಟ್ಟಿದರು. ಅದರ ಘೋಷಣಾಪತ್ರದ ಕರಡು ಬರೆದ ಸೈಕೋ ಮಾಂಕಿಚಿ ಇದೇ ಗೋಸೆಯವರು. ನಮ್ಮಲ್ಲಿ ಅಂಬೇಡ್ಕರ್ ಅವರ ಮುಂದಾಳತ್ವದಲ್ಲಿ ಮಹಾಡ್ ಕೆರೆಯ ಸತ್ಯಾಗ್ರಹ ನಡೆದದ್ದು 1927ರಲ್ಲಿ. ಐದೇ ವರ್ಷದ ಅಂತರ! 1975ರಲ್ಲಿ ಅಲ್ಲಿ ಇನ್ನೊಂದು ವಿಷಯ ಹೊರಗೆ ಬಂತು. ಬುರಾಕು ಊರುಗಳ ಹೆಸರಿನ ಪಟ್ಟಿಯನ್ನು ಕಂಪನಿಗಳು ಗುಟ್ಟಾಗಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದವು, ಕೆಲಸ ಕೇಳಿ ಬಂದವರು ಎಲ್ಲಿಯವರು ಅಂತ ನೋಡಲು. ತಾರತಮ್ಯ ಇನ್ನೂ ಇದೆ ಎಂದು ಒಪ್ಪಿಕೊಂಡೇ 2016ರಲ್ಲಿ ಒಂದು ಕಾನೂನು ಮಾಡಿದರು.

ಈ ಚರಿತ್ರೆಯ ಒಂದು ಎಳೆ ಪ್ರತಿ ಮಗುವಿನ ಬ್ಯಾಗಿನಲ್ಲೂ ಇದೆ. 1961ರಲ್ಲಿ ಜಪಾನಿನ ಕೋಚಿ ನಗರದ ನಾಗಾಹಾಮಾ ಎಂಬಲ್ಲಿ ಬುರಾಕು ತಾಯಂದಿರು, ಕಡ್ಡಾಯ ಶಿಕ್ಷಣ ಉಚಿತ ಅಂತ ಸಂವಿಧಾನ ಹೇಳುವಾಗ ಪುಸ್ತಕಕ್ಕೆ ಯಾಕೆ ದುಡ್ಡು ಅಂತ ಕೇಳಿ ಹೋರಾಟಕ್ಕಿಳಿದರು. 1963ರಿಂದ ಉಚಿತ ಪಠ್ಯಪುಸ್ತಕ ಶುರುವಾಗಿ ಕೆಲವೇ ವರ್ಷಗಳಲ್ಲಿ ಒಂಬತ್ತೂ ತರಗತಿಗೆ ಬಂತು. ಈಗ ಎಲ್ಲ ಮಕ್ಕಳ ಪುಸ್ತಕದ ಹಿಂಬದಿಯಲ್ಲೂ, ಇದು ಜನರ ತೆರಿಗೆ ಹಣದಿಂದ ನಿನಗೆ ಬಂದಿದೆ ಎಂಬ ಮಾತು ಅಚ್ಚಾಗಿರುತ್ತದೆ.

ಮಕ್ಕಳು ಶಾಲೆ ಗುಡಿಸುವ ಪದ್ಧತಿ ಈ ಹೋರಾಟದಿಂದ ಬಂದದ್ದಲ್ಲ. ಅದರ ಬೇರು ಬೌದ್ಧ ಮಠಗಳಲ್ಲಿದೆ ಎನ್ನುತ್ತಾರೆ. ನಾರಾದ ತೋದೈಜಿ ದೇವಾಲಯದಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ ಇದ್ದಾನೆ. 752ರಲ್ಲಿ ಆ ವಿಗ್ರಹದ ಕಣ್ಣು ತೆರೆಸಿದ್ದು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಪ್ರತಿ ವರ್ಷ ಆಗಸ್ಟ್ 7ರಂದು ಭಿಕ್ಷುಗಳೂ ಸಾಮಾನ್ಯ ಜನರೂ ಬಿಳಿ ಬಟ್ಟೆ ತೊಟ್ಟು ಆ ಬುದ್ಧನ ಧೂಳು ಒರೆಸುತ್ತಾರೆ. ಕೆಲವರು ಅವನ ಅಂಗೈ ಮೇಲೆ ನಿಂತು ಗುಡಿಸುತ್ತಿರುತ್ತಾರೆ. ಕೆಳಗಿನಿಂದ ಅದನ್ನು ನೋಡುತ್ತಾ ನಿಂತಾಗ ನನಗೆ ಬಹಳ ಸಂತೋಷವಾಗಿತ್ತು. ಆದರೆ ಗೋಸೆಗೆ ಹೋಗಿ ಬಂದ ಮೇಲೆ ಅದೇ ಸಂತೋಷದ ಜೊತೆ ಒಂದು ಪ್ರಶ್ನೆಯೂ ಸೇರಿತು. ಗುಡಿಸುವುದನ್ನು ಇಷ್ಟು ಗೌರವಿಸುವ ದೇಶದಲ್ಲೇ ಕೆಲವು ಕೆಲಸಗಳನ್ನು ಕೆಲವರ ತಲೆಗೆ ಕಟ್ಟಿ ಅವರನ್ನು ದೂರ ಇಟ್ಟಿದ್ದರು. ಹಾಗಾದರೆ ಕೆಲಸಕ್ಕೆ ಗೌರವ ಇದೆ ಅಂತ ಬಾಯಲ್ಲಿ ಹೇಳಿದರೆ ಸಾಕಾಗುವುದಿಲ್ಲ. ಅದು ಯಾರ ಪಾಲಿಗೆ ಬೀಳುತ್ತದೆ ಅಂತ ನೋಡಬೇಕು.

ಈಗ ನಮ್ಮ ಶಾಲೆಗೆ ಬನ್ನಿ. ನಮ್ಮ ಮಕ್ಕಳು ಗುಡಿಸುವುದಿಲ್ಲ ಅಂತ ಯಾರು ಹೇಳಿದ್ದು? ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಗುಡಿಸಲು ಬೇರೆ ಸಿಬ್ಬಂದಿ ಇರುವುದೇ ಅಪರೂಪ. ಬೆಳಿಗ್ಗೆ ಬೇಗ ಬಂದ ಮಕ್ಕಳು ಗುಡಿಸುತ್ತಾರೆ. ಆದರೆ ಯಾರು? ಕೋಣೆಗೆ ಹೆಣ್ಣುಮಕ್ಕಳು. ನೀರು ಹೊತ್ತು ತರಲು ಗಂಡುಮಕ್ಕಳು. ಶೌಚಾಲಯಕ್ಕೆ ಬಕೆಟ್ ಹಿಡಿದು ಹೋಗುವುದು ಯಾವ ಕೇರಿಯ ಮಕ್ಕಳು ಅಂತ ಶಿಕ್ಷಕರಾದ ನಮಗೆ ಗೊತ್ತು, ಊರಿಗೂ ಗೊತ್ತು. ಗೋಡೆಯ ಮೇಲೆ 'ಕಾಯಕವೇ ಕೈಲಾಸ' ಅಂತ ದೊಡ್ಡದಾಗಿ ಬರೆದಿರುತ್ತದೆ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 2013ರಲ್ಲಿ ಇಡೀ ದೇಶಕ್ಕೆ ಕಠಿಣ ಕಾನೂನು ಬಂತು. ಅದಾಗಿ ಹತ್ತು ವರ್ಷದ ಮೇಲೆ, 2023ರ ಡಿಸೆಂಬರ್‌ನಲ್ಲಿ, ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಕ್ಲೀನ್ ಮಾಡಿಸಿದ್ದು ಸುದ್ದಿಯಾಯಿತು. ಆ ಸುದ್ದಿ ಓದಿದ ಯಾವ ಶಿಕ್ಷಕರೂ ಜಪಾನಿನ ವಿಡಿಯೋವನ್ನು ಸುಮ್ನೆ ಫಾರ್ವರ್ಡ್ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

"ಆದ್ರೆ ಜಪಾನಲ್ಲಿ ಟಾಯ್ಲೆಟ್ಟೂ ಮಕ್ಕಳೇ ತೊಳೀತಾರಲ್ವಾ?" ಹೌದು, ಅನೇಕ ಶಾಲೆಗಳಲ್ಲಿ ದೊಡ್ಡ ತರಗತಿಯ ಮಕ್ಕಳಿಗೆ ಆ ಸರದಿಯೂ ಬರುತ್ತದೆ. ಅಲ್ಲಿ ಇಪ್ಪತ್ತನಾಲ್ಕು ಗಂಟೆ ನಲ್ಲಿ ನೀರು ಬರುತ್ತದೆ, ಕೈಗವಸು ಇದೆ, ಉದ್ದ ಹಿಡಿಯ ಬ್ರಷ್ ಇದೆ. ರಿಪೇರಿ, ಕಟ್ಟಿಕೊಂಡ ಪೈಪಿನಂಥ ಕೆಲಸಕ್ಕೆ ದೊಡ್ಡವರು ಇದ್ದಾರೆ. ನಮ್ಮಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಬಾರದು ಅಂತ ಇಲಾಖೆಯ ಸುತ್ತೋಲೆಯೇ ಇದೆ. ಅದು ಸರಿಯಾಗಿಯೇ ಇದೆ. ಜಾತಿ ನೋಡಿ ಬ್ರಷ್ ಕೊಡುವ ಅಭ್ಯಾಸ ಇರುವ ಕಡೆ ಈ ಗೆರೆ ದಾಟಬಾರದು.

ನಮ್ಮ ಶಾಲೆಯಲ್ಲಿ ಏನು ಮಾಡಿದ್ದೇವೆ ಅಂತಲೂ ಕೇಳುತ್ತಾರೆ. ಹಳೇ ಕ್ಯಾಲೆಂಡರ್ ರಟ್ಟಿನಲ್ಲಿ ಎರಡು ವೃತ್ತ ಕತ್ತರಿಸಿ ಚಕ್ರ ಮಾಡಿದೆವು. ಶಾಲಾ ಸಂಸತ್ತಿನ ಸ್ವಚ್ಛತಾ ಮಂತ್ರಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರು ಅದನ್ನು ಒಂದು ಮನೆ ತಿರುಗಿಸುತ್ತಾಳೆ. ಪ್ರತಿ ಗುಂಪಿನಲ್ಲೂ ಹುಡುಗರು, ಹುಡುಗಿಯರು, ಎಲ್ಲ ಕೇರಿಯವರೂ. ಪ್ರತಿ ಗುಂಪಿನ ಕೊನೆಯಲ್ಲಿ ಒಬ್ಬ ಶಿಕ್ಷಕರ ಹೆಸರು. ಮೆಟ್ಟಿಲಿನ ಗುಂಪಿನಲ್ಲಿ ಎಚ್‌ಎಂ ಅವರ ಹೆಸರು. ಅವರು ಪೊರಕೆ ಹಿಡಿದ ದಿನವೇ ಊರಲ್ಲಿ ಸುದ್ದಿಯಾಯಿತು.

ಮರುದಿನ ಒಬ್ಬ ಅಪ್ಪ ಬಂದರು. "ಮೇಡಂ, ನಮ್ಮ ಹುಡುಗ ಮನೇಲಿ ಒಂದು ಲೋಟ ಎತ್ತಿಟ್ಟೋನಲ್ಲ. ಇಲ್ಲಿ ಪೊರಕೆ ಹಿಡೀಬೇಕಾ? ಅದ್ಕೆ ಬೇರೆ ಮಕ್ಕಳಿಲ್ವಾ?"

"ಬೇರೆ ಮಕ್ಕಳು ಅಂದ್ರೆ ಯಾರು ಹೇಳಿ?" ಅಂತ ಕೇಳಿದೆ.

ಅವರು ಸುಮ್ಮನಾದರು. "ಹಂಗಲ್ಲ ಮೇಡಂ" ಅಂದರು. ನಾನು ಅವರನ್ನು ಕರೆದುಕೊಂಡು ಹೋಗಿ ಚಕ್ರ ತೋರಿಸಿದೆ. ಎಚ್‌ಎಂ ಹೆಸರು, ನನ್ನ ಹೆಸರು, ಅವರ ಮಗನ ಹೆಸರು, ಪಕ್ಕದಲ್ಲಿ ಕೆಳಗಿನ ಕೇರಿಯ ಅವನ ಗೆಳೆಯನ ಹೆಸರು. ಬಹಳ ಹೊತ್ತು ನೋಡಿದರು. ಮಗನನ್ನು ಶಾಲೆ ಬಿಡಿಸಲಿಲ್ಲ. ಒಪ್ಪಿದರು ಅಂತಲೂ ಹೇಳಲಾರೆ. ಇನ್ನಿಬ್ಬರು ತಂದೆತಾಯಿಯರು ಈಗಲೂ ಮುಖ ಗಂಟು ಹಾಕಿಕೊಂಡೇ ಮಾತಾಡುತ್ತಾರೆ. ಪರವಾಗಿಲ್ಲ, ಈ ವಿಷಯದಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ನಮಗೆ ಇನ್ನೂ ಬಗೆಹರಿಯದೆ ಉಳಿದಿರುವುದು ಶೌಚಾಲಯ. ಅದನ್ನು ತೊಳೆಯಲು ಹೊರಗಿನಿಂದ ಒಬ್ಬರು ಬರುತ್ತಾರೆ. ಅವರಿಗೆ ಕೊಡುವ ದುಡ್ಡು ಸರಿಯಾದ ಕೂಲಿ ಅಲ್ಲ. ಕೈಗವಸು, ಬೂಟು, ಆಸಿಡ್ ಅಲ್ಲದ ಒಳ್ಳೆಯ ಕ್ಲೀನರ್ ಇವಿಷ್ಟನ್ನು ಈಗ ನಾವು ಶಿಕ್ಷಕರು ಸೇರಿ ತಂದಿದ್ದೇವೆ. ಕೂಲಿಯನ್ನು ಗ್ರಾಮ ಪಂಚಾಯಿತಿಯಿಂದ ತಿಂಗಳು ತಿಂಗಳು ಕೊಡಿಸಿ ಎಂದು ಎಸ್‌ಡಿಎಂಸಿ ಕಡೆಯಿಂದ ಅರ್ಜಿ ಹೋಗಿದೆ. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಎತ್ತಬೇಕು. ನಮ್ಮೂರಿನಲ್ಲಿ ಈ ಪ್ರಶ್ನೆ ಕೇಳಿದವರಿಗೆಲ್ಲ ಆ ಸಭೆಗೆ ಬಂದು ಜೊತೆಗೆ ನಿಲ್ಲಿ ಅಂತ ಹೇಳಿದ್ದೇನೆ. ಕೆಲವರು ಬರುತ್ತೇವೆ ಎಂದಿದ್ದಾರೆ.