ಬೊಲೊನ್ಯಾದಲ್ಲಿ ಓದು, ಸುತ್ತಲಿನ ಊರುಗಳಲ್ಲಿ ಊಟ

ಓದಲು ಇಟಲಿಯ ಬೊಲೊನ್ಯಾಕ್ಕೆ ಹೋಗುವವರಿಗೆ ಒಂದು ದೊಡ್ಡ ಅನುಕೂಲವಿದೆ. ಮೊದೆನಾ, ಪಾರ್ಮಾ, ಫೆರಾರಾ ಎಲ್ಲಕ್ಕೂ ಅಲ್ಲಿಂದ ನೇರ ರೈಲು. ಬೆಳಿಗ್ಗೆ ಹೊರಟು ಇನ್ನೊಂದು ಊರಿನ ಊಟ ಮುಗಿಸಿ ಸಂಜೆ ರೂಮಿಗೆ ಬರಬಹುದು. ನನ್ನ ಶನಿವಾರಗಳು ಹೆಚ್ಚಾಗಿ ಹೀಗೇ ಕಳೆದವು.

ಹೊರಡುವ ಮೊದಲು 'ಇಟಾಲಿಯನ್ ಊಟ' ಅನ್ನೋ ಕಲ್ಪನೆ ಬಿಟ್ಟುಬಿಡಿ. ಉಡುಪಿಯ ಊಟಕ್ಕೂ ಧಾರವಾಡದ ಊಟಕ್ಕೂ ಎಷ್ಟು ವ್ಯತ್ಯಾಸವೋ ಅಲ್ಲೂ ಅಷ್ಟೇ. ಬೊಲೊನ್ಯಾದ ಹಳೇ ಹೋಟೆಲುಗಳಲ್ಲಿ ಮಾಂಸದ ರಾಗು, ಅಂದರೆ ಗಟ್ಟಿ ಸಾಸ್, ಬರುವುದು ಚಪ್ಪಟೆ ಪಟ್ಟಿಯಂಥ ಪಾಸ್ತಾ ತಾಲ್ಯತೆಲ್ಲೆ ಜೊತೆ, ಸ್ಪ್ಯಾಗೆಟಿ ಜೊತೆ ಅಲ್ಲ. ಬೆಂದ ತಾಲ್ಯತೆಲ್ಲೆ 8 ಮಿಲಿಮೀಟರ್ ಅಗಲ ಇರಬೇಕು ಅಂತ 1972ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿಸಿದ್ದಾರೆ! ಊಟದ ವಿಷಯದಲ್ಲಿ ಅವರು ಅಷ್ಟು ಹಟಮಾರಿಗಳು.

ನನ್ನ ಹಾಗೆ ಸಸ್ಯಾಹಾರಿಗಳಾದರೆ ಇಲ್ಲಿ ಸ್ವಲ್ಪ ಹುಷಾರಾಗಿರಿ. ಹೂರಣ ತುಂಬಿದ ಚಿಕ್ಕ ಪಾಸ್ತಾ ತೊರ್ತೆಲ್ಲಿನಿ ಒಳಗೆ ಹಂದಿ ಮಾಂಸ ಇರುತ್ತದೆ, ಅದನ್ನು ಬಡಿಸುವುದೂ ಮಾಂಸದ ಸಾರಿನಲ್ಲೇ. ಕೇಳಬೇಕಾದದ್ದು ದೊಡ್ಡ ತೊರ್ತೆಲ್ಲೋನಿ. ಒಳಗೆ ರಿಕೊಟ್ಟಾ ಎಂಬ ಮೆತ್ತನೆ ಚೀಸ್ ಮತ್ತು ಸೊಪ್ಪು, ಮೇಲೆ ಬೆಣ್ಣೆ, ಸೇಜ್ ಎಲೆ. ಆದರೆ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ರೊಟ್ಟಿಯಂತಿರುವ ಪಿಯಾದೀನಾ ನೋಡಿ ಖುಷಿಪಡಬೇಡಿ, ಹಳೇ ಪದ್ಧತಿಯಲ್ಲಿ ಹಿಟ್ಟಿಗೇ ಹಂದಿ ಕೊಬ್ಬು ಸೇರುತ್ತದೆ. 'ಸ್ಟ್ರುತ್ತೋ', ಅಂದರೆ ಆ ಕೊಬ್ಬು, ಇದೆಯಾ ಅಂತ ಕೇಳಿ. ಆಲಿವ್ ಎಣ್ಣೆಯಲ್ಲಿ ಮಾಡಿದ್ದೂ ಸಿಗುತ್ತದೆ. ಪಾರ್ಮಿಜಾನೋ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಲೇಬೇಕು, ನಿಯಮವೇ ಹಾಗಿದೆ. ಕಟ್ಟುನಿಟ್ಟಿನವರು ಪ್ರತಿ ಸಲವೂ ಚೀಸ್ ಬೇಡ ಅಂತ ಬಾಯಿಬಿಟ್ಟು ಹೇಳಬೇಕು.

ತಿನ್ನದಿದ್ದರೂ ಆ ಚೀಸ್ ಮಾಡುವುದನ್ನು ಮಾತ್ರ ನೋಡಿ. ಪಾರ್ಮಾ, ರೆಜ್ಜೊ ಎಮಿಲಿಯಾ, ಮೊದೆನಾ ಸುತ್ತಮುತ್ತ ಹಳ್ಳಿಗಳ ಡೈರಿಗಳು ಮೊದಲೇ ಬುಕ್ ಮಾಡಿದವರನ್ನು ಒಳಗೆ ಬಿಡುತ್ತವೆ. ಕೆಲಸ ನಡೆಯುವುದು ಬೆಳಿಗ್ಗೆ, ತಡವಾಗಿ ಹೋದರೆ ಖಾಲಿ ತಾಮ್ರದ ಹಂಡೆ ನೋಡಿ ಬರಬೇಕಾಗುತ್ತದೆ. ಹಿಂದಿನ ಸಂಜೆ ಕರೆದ ಹಾಲಿನ ಕೆನೆ ತೆಗೆದು, ಬೆಳಗಿನ ಹಾಲಿನ ಜೊತೆ ಬೆರೆಸುತ್ತಾರೆ. ಹೆಪ್ಪಾಗಿ ಒಡೆದ ಹಾಲು ತಳಕ್ಕೆ ಕೂತ ಮೇಲೆ ಬಟ್ಟೆ ಇಳಿಸಿ ಎತ್ತುತ್ತಾರೆ. ಒಂದು ಹಂಡೆಗೆ ಎರಡು ಗಾಲಿ ಚೀಸ್. ಸುಮಾರು 40 ಕಿಲೋದ ಒಂದು ಗಾಲಿಗೆ 500 ಲೀಟರಿಗೂ ಜಾಸ್ತಿ ಹಾಲು ಬೇಕು. ಆಮೇಲೆ ಕಡಿಮೆಯೆಂದರೂ 12 ತಿಂಗಳು ಹಲಗೆಯ ಮೇಲೆ ಮಾಗಬೇಕು. ಆ ಗೋದಾಮಿನ ವಾಸನೆಗೇ ಟಿಕೆಟ್ ದುಡ್ಡು ವಸೂಲು.

ಮೊದೆನಾದಲ್ಲಿ ಬಾಲ್ಸಾಮಿಕೋ ವಿನೆಗರ್ ಕೊಳ್ಳುವಾಗ ಲೇಬಲ್ ಓದಿ. ಸೂಪರ್ ಮಾರ್ಕೆಟ್ಟಿನ ಅಗ್ಗದ ಬಾಟಲಿ ಬೇರೆ, 'ತ್ರಾದಿಸಿಯೊನಾಲೆ' ಬೇರೆ. ಎರಡನೆಯದು ಕಡಿಮೆಯೆಂದರೂ 12 ವರ್ಷ ಪೀಪಾಯಿಗಳಲ್ಲಿ ಮಾಗಿದ್ದು, 100 ಮಿಲಿಲೀಟರಿನ ಪುಟ್ಟ ಬಾಟಲಿಯಲ್ಲಿ ಬರುತ್ತದೆ. ವಿದ್ಯಾರ್ಥಿಯ ಜೇಬಿಗೆ ಭಾರವೇ. ರುಚಿ ನೋಡಿ ಬನ್ನಿ, ಸಾಕು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಫೆರಾರಾದ ಕಪ್ಪೆಲ್ಲಾಚ್ಚಿ, ಸಿಹಿಗುಂಬಳ ತುಂಬಿದ ಪಾಸ್ತಾ. ಜೆನೊವಾ ದೂರ, ಒಂದು ರಾತ್ರಿ ಉಳಿಯುವುದೇ ಸರಿ. ಅಲ್ಲಿ ಫರಿನಾತಾ ಹುಡುಕಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ಅಗಲ ತಟ್ಟೆಯಲ್ಲಿ ಸುಟ್ಟು, ಬಿಸಿಬಿಸಿ ತುಂಡು ಕೊಡುತ್ತಾರೆ. ಯಾವ ಅನುಮಾನವೂ ಇಲ್ಲದೆ ತಿನ್ನಬಹುದು.

ಖರ್ಚಿನ ಲೆಕ್ಕದಲ್ಲಿ 'ಕೊಪೆರ್ತೊ' ಸೇರಿಸಿಕೊಳ್ಳಿ. ಕೂತು ಉಂಡರೆ ತಲೆಗೆ ಇಷ್ಟು ಅಂತ ಬಿಲ್ಲಿಗೆ ಸೇರುವ ದುಡ್ಡು ಅದು, ಜಗಳ ಆಡಿ ಪ್ರಯೋಜನವಿಲ್ಲ. ಮಧ್ಯಾಹ್ನ ಎರಡೂವರೆ ದಾಟಿದರೆ ಹಲವು ಕಡೆ ಅಡುಗೆಮನೆ ಮುಚ್ಚಿರುತ್ತದೆ, ಮತ್ತೆ ತೆರೆಯುವುದು ರಾತ್ರಿ ಏಳರ ಮೇಲೆ. ಕಾಗದದ ರೈಲು ಟಿಕೆಟ್ಟಿಗೆ ಹತ್ತುವ ಮೊದಲೇ ಸ್ಟೇಷನ್ನಿನ ಯಂತ್ರದಲ್ಲಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ದಂಡ. ಆಗಸ್ಟ್ ಮಧ್ಯದಲ್ಲಂತೂ ಹೋಗಬೇಡಿ. 15ನೇ ತಾರೀಕಿನ ಹಬ್ಬದ ಆಸುಪಾಸಿನಲ್ಲಿ ಮನೆಮಂದಿಯೇ ನಡೆಸುವ ಸಣ್ಣ ಹೋಟೆಲುಗಳು ಬಾಗಿಲು ಹಾಕಿ ರಜೆಗೆ ಹೋಗಿರುತ್ತವೆ. ಅಕ್ಟೋಬರ್ ಒಳ್ಳೆಯದು, ಸೆಕೆ ಇರಲ್ಲ, ಕುಂಬಳವೂ ಹೊಸದಾಗಿ ಬಂದಿರುತ್ತದೆ.