ಬೆಟ್ಟ ಇಳಿದ ಮೇಲೆ ಹಿಡಿದುಕೊಳ್ಳುವ ಮೀನಖಂಡ: ಈವರೆಗಿನ ದಾಖಲೆ

ಮೇ, ಎರಡನೇ ವಾರ

ಆಷಾಢದ ಹೊತ್ತಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಎಲ್ಲೂ ಕೂರದೆ ಹತ್ತಿ ಇಳಿಯಬೇಕೆಂಬುದು ಗುರಿ. ಉಸಿರು ಪಳಗಿದೆ, ನಂದಿಯ ಬಳಿ ನಿಲ್ಲದೆ ಮುಂದೆ ಹೋಗುತ್ತಿದ್ದೇನೆ. ತಕರಾರು ಮೀನಖಂಡದ್ದು. ಹತ್ತುವಾಗಲೂ ಅಲ್ಲ, ಇಳಿಯುವಾಗಲೂ ಅಲ್ಲ. ಎಲ್ಲ ಮುಗಿದು ಬೆಟ್ಟದ ಪಾದದಲ್ಲಿ ಕುಳಿತು ಶೂ ಬಿಚ್ಚುವಾಗ. ಹಿಮ್ಮಡಿ ಜಾರಿಸಲು ಕಾಲ್ಬೆರಳನ್ನು ಕೆಳಕ್ಕೆ ಚಾಚಿದ್ದೇ ತಡ, ಚರ್ಮದಡಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದು ನಿಲ್ಲುತ್ತದೆ. ಹೆಬ್ಬೆರಳಿನಿಂದ ಒತ್ತಿದರೂ ಬಗ್ಗುವುದಿಲ್ಲ.

ಮೇ, ಕೊನೆಯ ವಾರ

ಮೆಟ್ಟಿಲು ಹತ್ತುವ ಬಳಗದಲ್ಲಿ ಎಲ್ಲರೂ ವೈದ್ಯರೇ. ಬಾಳೆಹಣ್ಣು ತಿನ್ನಿ ಎಂದರು ಒಬ್ಬರು, ಉಪ್ಪು ಹಾಕಿದ ನಿಂಬೆ ಪಾನಕ ಎಂದರು ಇನ್ನೊಬ್ಬರು. ಬಾಳೆಹಣ್ಣಿನ ಪೊಟ್ಯಾಸಿಯಂ ರಕ್ತ ಸೇರಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಸೆಳೆತ ತಾನಾಗಿಯೇ ಹೋಗಿರುತ್ತದೆ. ಉಪ್ಪಿನ ಮಾತಿಗೆ ಆಧಾರವಿದೆ: ಬಿಸಿ ಗಣಿಗಳಲ್ಲಿ, ಕುಲುಮೆಗಳ ಮುಂದೆ ದಿನವಿಡೀ ಬೆವರುತ್ತಿದ್ದ ಕಾರ್ಮಿಕರಿಗೆ ಹಿಂದೆ ಉಪ್ಪುನೀರು ಕೊಡುತ್ತಿದ್ದರು. ಆದರೆ ನಾನು ಹೊರಡುವುದು ತಂಪು ಹೊತ್ತಿನಲ್ಲಿ. ಅಲ್ಲದೆ ಉಪ್ಪಿನ ಕೊರತೆಯಾದರೆ ಇಡೀ ಮೈಗೆ ಆಗಬೇಕು, ಎಡಗಾಲಿನ ಒಂದೇ ಸ್ನಾಯುವಿಗೆ ಏಕೆ?

ದಕ್ಷಿಣ ಆಫ್ರಿಕಾದ ಕ್ರೀಡಾವೈದ್ಯ ಮಾರ್ಟಿನ್ ಶ್ವೆಲ್ನಸ್ ಮತ್ತು ಸಂಗಡಿಗರು 1997ರಲ್ಲಿ ಮುಂದಿಟ್ಟ ವಾದ ನನ್ನ ಕಾಲಿಗೆ ಹೆಚ್ಚು ಹೊಂದುತ್ತದೆ. ಸ್ನಾಯುವಿನೊಳಗೆ ‘ಬಿಗಿ’ ಎನ್ನುವ ಸಂವೇದಕಗಳಿವೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿನಲ್ಲಿ ‘ಸಾಕು, ಬಿಡು’ ಎನ್ನುವವಿವೆ. ದಣಿದಾಗ ಮೊದಲಿನವು ಜೋರಾಗುತ್ತವೆ, ಎರಡನೆಯವು ಸುಮ್ಮನಾಗುತ್ತವೆ. ಆ ಹೊತ್ತಿನಲ್ಲಿ ಸ್ನಾಯುವನ್ನು ಇನ್ನಷ್ಟು ಗಿಡ್ಡ ಮಾಡಿದರೆ ಹಿಡಿದುಕೊಳ್ಳುತ್ತದೆ. ಬೆರಳು ಕೆಳಕ್ಕೆ ಚಾಚಿದಾಗ ಮೀನಖಂಡ ಗಿಡ್ಡವಾಗುವುದೇ ಹಾಗೆ.

ಜೂನ್

ಹಾಗಾದರೆ ಮದ್ದು ಅದರ ವಿರುದ್ಧ ದಿಕ್ಕಿನಲ್ಲಿದೆ. ಮಂಡಿ ನೇರ ಇಟ್ಟು, ಟವೆಲನ್ನು ಪಾದದ ಮುಂಭಾಗಕ್ಕೆ ಸುತ್ತಿ ಮೆಲ್ಲಗೆ ನನ್ನ ಕಡೆಗೆ ಎಳೆಯುತ್ತೇನೆ. ಜಗ್ಗುವುದಿಲ್ಲ, ಜಗ್ಗಿದರೆ ಅದು ಇನ್ನಷ್ಟು ಸೆಟೆಯುತ್ತದೆ. ಅರ್ಧ ನಿಮಿಷ ಹಿಡಿದರೆ ಗಂಟು ಮೊದಲು ಅದುರುತ್ತದೆ, ಆಮೇಲೆ ಕರಗುತ್ತದೆ. ನೀವುವುದು ಅದಾದ ಮೇಲೆ. ಬೆಚ್ಚಗಿನ ನೀರಿನ ಸ್ನಾನ ಮನೆಯಲ್ಲಿ.

ಉಪ್ಪಿನಕಾಯಿ ರಸವನ್ನೂ ನೋಡಿದೆ. ಅಮೆರಿಕದಲ್ಲಿ ಕೆವಿನ್ ಮಿಲ್ಲರ್ ತಂಡ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರಸ ಕುಡಿದವರ ಸೆಳೆತ ಸುಮಾರು ಒಂದೂವರೆ ನಿಮಿಷದಲ್ಲಿ ಇಳಿದಿತ್ತು, ನೀರು ಕುಡಿದವರಿಗಿಂತ ಬೇಗ. ರಸ ಮೈಗೆ ಹತ್ತಲು ಅಷ್ಟು ಸಮಯ ಸಾಲದು. ಗಂಟಲಿಗೆ ತಾಗಿದ ಹುಳಿಯೇ ನರಗಳನ್ನು ಹದಕ್ಕೆ ತರುತ್ತದೆ ಎಂಬುದು ಅವರ ಊಹೆ. ಅವರದು ವಿನೆಗರ್ ಹಾಕಿದ ಸೌತೆಕಾಯಿ, ನಮ್ಮ ಮನೆಯಲ್ಲಿರುವುದು ಅಪ್ಪೆಮಿಡಿ. ಸಣ್ಣ ಬಾಟಲಿಯಲ್ಲಿ ರಸ ಒಯ್ದೆ. ಮುಚ್ಚಳ ತಿರುಗಿಸುವಷ್ಟರಲ್ಲಿ ಟವೆಲ್ ತನ್ನ ಕೆಲಸ ಮುಗಿಸಿತ್ತು. ರಸ ಮಧ್ಯಾಹ್ನ ಮೊಸರನ್ನಕ್ಕೆ ಹೋಯಿತು.

ಮರುದಿನ ತೊಡೆ ಹಿಡಿದು ಶೌಚಾಲಯದಲ್ಲಿ ಕೂರಲಾಗದ ನೋವು ಬೇರೆಯದು. ಅದು ಇಳಿಜಾರಿನ ಕಾಣಿಕೆ, ಎರಡು ಮೂರು ದಿನ ಇದ್ದು ಹೋಗುತ್ತದೆ, ಎಳೆತಕ್ಕೆ ಬಗ್ಗುವುದಿಲ್ಲ. ಆದರೆ ನೋವಿನ ಜೊತೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಅಥವಾ ಒಂದೇ ಮೀನಖಂಡ ಊದಿ ಬಿಸಿಯಾಗಿ ನೋವು ಬಿಡದಿದ್ದರೆ, ಮನೆಮದ್ದು ಬಿಟ್ಟು ವೈದ್ಯರ ಬಳಿಗೆ.

ಜುಲೈ, ಮೊದಲ ವಾರ

ಹಿಡಿದ ಮೇಲೆ ಬಿಡಿಸುವುದಕ್ಕಿಂತ ಹಿಡಿಯದಂತೆ ಮಾಡುವ ಕೆಲಸ ನಡೆದಿದೆ. ಮನೆಯ ಮೆಟ್ಟಿಲಂಚಿನಲ್ಲಿ ಎರಡೂ ಕಾಲಿನಲ್ಲಿ ತುದಿಗಾಲಿಗೆ ಏರಿ, ಒಂದೇ ಕಾಲಿನಲ್ಲಿ ಹಿಮ್ಮಡಿಯನ್ನು ನಿಧಾನವಾಗಿ ಅಂಚಿನ ಕೆಳಗೆ ಇಳಿಸುತ್ತೇನೆ. ಬಲಗಾಲು ಸಲೀಸು, ಎಡಗಾಲು ಕೊನೆಕೊನೆಗೆ ನಡುಗುತ್ತದೆ. ಹಿಡಿದುಕೊಳ್ಳುವುದೂ ಇದೇ ಕಾಲು, ಅಂದರೆ ಬೇಗ ದಣಿಯುವ ಕಾಲು. ಈಗ ಸೆಳೆತ ಅಪರೂಪ, ಇಳಿಯುವಾಗ ಅವಸರ ಮಾಡಿದ ದಿನ ಮಾತ್ರ. ಆಷಾಢ ಶುಕ್ರವಾರಗಳಂದು ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವವರ ಸಾಲು ಇರುವುದರಿಂದ ಆ ದಿನ ಹೋಗುವುದಿಲ್ಲ. ಭಾನುವಾರ ಹೋಗಿ, ಇಳಿಯುವ ವೇಗವನ್ನು ಸ್ವಲ್ಪ ಹೆಚ್ಚಿಸಿ ಎಡಗಾಲು ಏನನ್ನುತ್ತದೆ ನೋಡುತ್ತೇನೆ.