ಬಿರಡೆ ತೆಗೆಯುವ ಮುನ್ನ

ಒಂದು ಲೀಟರ್ ನೀರಿನ ತೂಕ ಒಂದು ಕೆ.ಜಿ. ಒಂದು ಲೀಟರ್ ಕಾನ್ಸಂಟ್ರೇಟೆಡ್ (ನೀರು ಬೆರೆಸದ ಗಟ್ಟಿ) ಸಲ್ಫ್ಯೂರಿಕ್ ಆಸಿಡ್ 1.84 ಕೆ.ಜಿ. ತೂಗುತ್ತದೆ. ಎರಡೂವರೆ ಲೀಟರಿನ ಬಾಟಲಿಯಾದರೆ ಆಸಿಡ್ಡೇ 4.6 ಕೆ.ಜಿ., ಗಾಜಿನ ತೂಕ ಬೇರೆ. ಇದನ್ನು ಕುತ್ತಿಗೆ ಹಿಡಿದು ಒಂದೇ ಕೈಯಲ್ಲಿ ತೂಗಾಡಿಸಿಕೊಂಡು ಸ್ಟೋರ್ ರೂಮಿನಿಂದ ತರಬಾರದು. ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಇಟ್ಟು ತನ್ನಿ. ದಾರಿಯಲ್ಲಿ ಬಾಟಲಿ ಒಡೆದರೂ ಆಸಿಡ್ ಕಾಲ ಮೇಲೆ ಬೀಳದೆ ಬಕೆಟ್ಟಿನಲ್ಲೇ ಉಳಿಯುತ್ತದೆ.

ಈ ಬರಹ ಪಿಯು ಮತ್ತು ಡಿಗ್ರಿ ಕಾಲೇಜುಗಳ ಲ್ಯಾಬ್ ಅಟೆಂಡರುಗಳಿಗೆ, ಹೊಸದಾಗಿ ಸೇರಿದ ಉಪನ್ಯಾಸಕರಿಗೆ. ಪ್ರಾಕ್ಟಿಕಲ್ಸ್ ಹತ್ತಿರ ಬಂದಾಗ ಲೀಟರುಗಟ್ಟಲೆ ರಿಯೇಜೆಂಟ್ (ಪ್ರಯೋಗಕ್ಕೆ ಬೇಕಾದ ದ್ರಾವಣ) ತಯಾರಿಸುವವರು ಅವರೇ. ಹೇಳಬೇಕಾದ ಮುಖ್ಯ ಮಾತು ಇಷ್ಟು: ಆಸಿಡ್ ಚೆಲ್ಲಿದ ಮೇಲೆ ಬೇಕಾಗುವುದೆಲ್ಲ ಬಿರಡೆ ತೆಗೆಯುವ ಮೊದಲೇ ಕೈಗೆ ಸಿಗುವಂತಿರಬೇಕು. ಆಮೇಲೆ ಹುಡುಕಲು ಸಮಯ ಇರುವುದಿಲ್ಲ.

ಎಲ್ಲಕ್ಕಿಂತ ಮೊದಲು ನೀರು. ನಲ್ಲಿ ತಿರುಗಿಸಿ ನೋಡಿ. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕ್ ಖಾಲಿಯಾಗುವ ಕಾಲೇಜುಗಳು ಎಷ್ಟೋ ಇವೆ. ಹಾಗಿದ್ದಲ್ಲಿ ಎರಡು ದೊಡ್ಡ ಬಕೆಟ್ ಶುದ್ಧ ನೀರು ತುಂಬಿಸಿ ಮಗ್ ಸಮೇತ ಪಕ್ಕದಲ್ಲಿಡದೆ ಕೆಲಸ ಶುರು ಮಾಡಬೇಡಿ. ಕಣ್ಣು ತೊಳೆಯುವ ಐವಾಷ್ ಇಲ್ಲದ ಕಡೆ ಒಂದು ನಲ್ಲಿಗೆ ಅರ್ಧ ಮೀಟರ್ ಮೆತ್ತನೆಯ ರಬ್ಬರ್ ಟ್ಯೂಬ್ ಸಿಕ್ಕಿಸಿಡಿ, ನೀರು ರಭಸವಾಗಿ ಬಾರದಂತೆ ಹದ ಮಾಡಿಕೊಳ್ಳಿ. ಖರ್ಚು ಹೆಚ್ಚಿಲ್ಲ, ಉಳಿಯುವುದು ಕಣ್ಣು.

ಕನ್ನಡಕ ಹಾಕುವವರು ಅದೇ ಸಾಕು ಅಂದುಕೊಳ್ಳುತ್ತಾರೆ, ಸಾಲದು. ಬದಿಯಿಂದ, ಮೇಲಿನಿಂದ ಹನಿ ಒಳಗೆ ಹೋಗುತ್ತದೆ. ಸುತ್ತಲೂ ಮುಚ್ಚುವ ಗಾಗಲ್ಸ್ ಬೇಕು. ಗ್ಲೌಸ್ ವಿಷಯದಲ್ಲಿ ಇನ್ನೊಂದು ತಪ್ಪು ನಂಬಿಕೆ ಇದೆ. ಬಾಕ್ಸಿನಲ್ಲಿ ನೂರರ ಲೆಕ್ಕದಲ್ಲಿ ಬರುವ ತೆಳ್ಳನೆಯ ಗ್ಲೌಸ್, ಉಪ್ಪಿನಲ್ಲಿ ಏನಿದೆ ಎಂದು ಪತ್ತೆ ಮಾಡುವ ಸಾಲ್ಟ್ ಅನಾಲಿಸಿಸ್‌ನ ಡೈಲ್ಯೂಟ್ (ನೀರು ಬೆರೆಸಿದ) ಆಸಿಡ್ಡುಗಳಿಗೆ ಸಾಕು. ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಎದುರು ಅದು ಕೆಲವೇ ನಿಮಿಷ ತಾಳುತ್ತದೆ. ಹನಿ ಬಿದ್ದದ್ದು ಕಂಡ ತಕ್ಷಣ ಕಳಚಿ ಎಸೆಯಬೇಕು. ಬಾಟಲಿಯಿಂದ ಸುರಿಯುವ ಕೆಲಸಕ್ಕೆ ಮೊಣಕೈವರೆಗೆ ಬರುವ ದಪ್ಪ ನಿಯೋಪ್ರಿನ್ ಗ್ಲೌಸ್ ಒಳ್ಳೆಯದು. ಗ್ಲೌಸ್ ಇದೆ ಎಂಬ ಧೈರ್ಯ ಯಾವಾಗಲೂ ಕಾಯುವುದಿಲ್ಲ. 1996ರಲ್ಲಿ ಅಮೆರಿಕದ ಡಾರ್ಟ್ಮತ್ ಕಾಲೇಜಿನ ರಸಾಯನ ವಿಜ್ಞಾನಿ ಕ್ಯಾರೆನ್ ವೆಟ್ಟರ್‌ಹಾನ್ ಅವರ ಲೇಟೆಕ್ಸ್ ಗ್ಲೌಸ್ ಮೇಲೆ ಡೈಮಿಥೈಲ್ ಮರ್ಕ್ಯುರಿ ಎಂಬ ಪಾದರಸದ ಕಡುವಿಷದ ಕೆಲವು ಹನಿ ಬಿದ್ದವು. ಅದು ಗ್ಲೌಸ್ ದಾಟಿ ಚರ್ಮಕ್ಕಿಳಿಯಿತು, ಮುಂದಿನ ವರ್ಷ ಅವರು ತೀರಿಕೊಂಡರು. ಗ್ಲೌಸ್ ಇರಲಿಲ್ಲವೆಂದಲ್ಲ, ಆ ಕೆಮಿಕಲ್‌ಗೆ ಅದು ತಕ್ಕ ಗ್ಲೌಸ್ ಆಗಿರಲಿಲ್ಲ.

ಇನ್ನು ಡೈಲ್ಯೂಟ್ ಮಾಡುವುದು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರು ಹಾಕಬಾರದು ಎಂಬುದು ಎಲ್ಲರಿಗೂ ಬಾಯಿಪಾಠ. ಕಾರಣ ಗೊತ್ತಿದ್ದರೆ ಮಾತ್ರ ಕೈ ತಪ್ಪುವುದಿಲ್ಲ. ನೀರು ಹಗುರ, ಆಸಿಡ್ಡಿನ ಮೇಲೆಯೇ ನಿಲ್ಲುತ್ತದೆ. ಅವೆರಡೂ ಕೂಡುವ ಜಾಗದಲ್ಲಿ ಹುಟ್ಟುವ ಬಿಸಿಗೆ ಮೇಲಿನ ಆ ಸ್ವಲ್ಪ ನೀರು ಅಲ್ಲೇ ಕುದಿದು, ಆಸಿಡ್ಡನ್ನೂ ಎತ್ತಿಕೊಂಡು ಮುಖಕ್ಕೆ ಸಿಡಿಯುತ್ತದೆ. ನೀರಿಗೆ ಆಸಿಡ್ ಹಾಕಿದರೆ ಅದು ಕೆಳಗಿಳಿಯುತ್ತದೆ, ಹುಟ್ಟಿದ ಬಿಸಿಯನ್ನು ಸುತ್ತಲಿನ ನೀರು ಹಂಚಿಕೊಳ್ಳುತ್ತದೆ. ಆದರೆ ಕಲಕದೆ ಸುರಿಯುತ್ತ ಹೋದರೆ ಇದೂ ಅಪಾಯವೇ. ಆಸಿಡ್ ತಳದಲ್ಲಿ ಪದರವಾಗಿ ಕೂತಿರುತ್ತದೆ, ಕೊನೆಗೆ ಒಮ್ಮೆಲೇ ಕಡ್ಡಿ ಆಡಿಸಿದಾಗ ಇಡೀ ಬೀಕರ್ ಉಕ್ಕುತ್ತದೆ.

ಒಂದು ಲೀಟರ್ 2 ಮೋಲಾರ್ ಸಾಂದ್ರತೆಯ ಸಲ್ಫ್ಯೂರಿಕ್ ಬೇಕೆಂದರೆ 98 ಪರ್ಸೆಂಟಿನ ಆಸಿಡ್ ಸುಮಾರು 110 ಮಿ.ಲೀ. ಸಾಕು. ಒಂದು ಲೀಟರಿನ ಬೋರೋಸಿಲಿಕೇಟ್ (ಬಿಸಿ ತಡೆಯುವ ಗಾಜಿನ) ಬೀಕರಿನಲ್ಲಿ 700 ಮಿ.ಲೀ. ಡಿಸ್ಟಿಲ್ಡ್ ವಾಟರ್ ತೆಗೆದುಕೊಂಡು, ಬೀಕರನ್ನು ತಣ್ಣೀರಿನ ಟ್ರೇಯಲ್ಲಿ ಇಡಿ. ಆಸಿಡ್ಡನ್ನು ಚೆನ್ನಾಗಿ ಒಣಗಿದ ಮೆಜರಿಂಗ್ ಜಾರಿನಲ್ಲಿ ಅಳೆಯಿರಿ. ಗಾಜಿನ ಕಡ್ಡಿಯ ಗುಂಟ ಸಣ್ಣ ಎಳೆಯಾಗಿ, ಒಂದು ಸಲಕ್ಕೆ ಹತ್ತು ಹದಿನೈದು ಮಿ.ಲೀ.ನಂತೆ ಇಳಿಸುತ್ತ ಕಲಕುತ್ತಿರಿ. ಬೀಕರ್ ಮುಟ್ಟಲಾರದಷ್ಟು ಬಿಸಿಯಾದರೆ ನಿಲ್ಲಿಸಿ, ಆರಿದ ಮೇಲೆ ಮುಂದುವರಿಸಿ. ಇಷ್ಟೂ ಆಸಿಡ್ ತಣಿಸದೆ ಒಟ್ಟಿಗೆ ಬೆರೆತರೆ ನೀರಿನ ಉಷ್ಣತೆ 40 ಡಿಗ್ರಿಗೂ ಹೆಚ್ಚು ಏರುತ್ತದೆ. ರಿಯೇಜೆಂಟ್ ಬಾಟಲಿಯಲ್ಲೇ ನೇರವಾಗಿ ಬೆರೆಸಿದಾಗ ತಳ ಕಳಚಿ ಬೀಳುವುದು ಇದರಿಂದಲೇ. ಆ ದಪ್ಪ ಸಾದಾ ಗಾಜು ಇಂಥ ಬಿಸಿ ತಡೆಯುವುದಿಲ್ಲ. ಪೂರ್ತಿ ತಣ್ಣಗಾದ ಮೇಲೆ ಒಂದು ಲೀಟರಿಗೆ ನೀರು ತುಂಬಿಸಿ, ಹೆಸರು, ಪ್ರಮಾಣ, ತಾರೀಖು ಬರೆದ ಬಾಟಲಿಗೆ ಹಾಕಿ. ಅದೇ ಸಾಂದ್ರತೆಯ ಒಂದು ಲೀಟರಿಗೆ ಕಾನ್ಸಂಟ್ರೇಟೆಡ್ ಹೈಡ್ರೋಕ್ಲೋರಿಕ್ ಸುಮಾರು 170 ಮಿ.ಲೀ., ನೈಟ್ರಿಕ್ ಸುಮಾರು 127 ಮಿ.ಲೀ. ಬೇಕು. ಅವೆರಡಕ್ಕೂ ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆ ಎಳೆಯುವ ಗೂಡು), ಅದಿಲ್ಲದಿದ್ದರೆ ತೆರೆದ ಕಿಟಕಿಯ ಬದಿ ಬೇಕು.

ಖಾಲಿಯಾದ ಜಾರಿನ ಗೋಡೆಗೆ ಆಸಿಡ್ ಎಣ್ಣೆಯಂತೆ ಅಂಟಿರುತ್ತದೆ. ಅದನ್ನು ನಲ್ಲಿಗೆ ಹಿಡಿದರೆ ಆಸಿಡ್ಡಿಗೆ ನೀರು ಹಾಕಿದಂತೆಯೇ. ಬಕೆಟ್ ತುಂಬ ನೀರಿನಲ್ಲಿ ನಿಧಾನವಾಗಿ ಮುಳುಗಿಸಿ. ಸಾಲ್ಟ್ ಅನಾಲಿಸಿಸ್ ಮಾಡುವ ಮಕ್ಕಳು ತಪ್ಪುವುದೂ ಇಲ್ಲೇ. ಉಪ್ಪಿಗೆ ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಹಾಕಿ ಕಾಯಿಸಿದ ಟೆಸ್ಟ್ ಟ್ಯೂಬನ್ನು ಬಿಸಿಯಿರುವಾಗಲೇ ಸಿಂಕಿಗೆ ಒಯ್ದು ನಲ್ಲಿ ಬಿಡುತ್ತಾರೆ, ಅದು ಮೇಲಕ್ಕೆ ಚಿಮ್ಮುತ್ತದೆ. ಟ್ಯೂಬ್ ಸ್ಟ್ಯಾಂಡಿನಲ್ಲಿ ಆರಲಿ, ಆಮೇಲೆ ನೀರು ತುಂಬಿದ ದೊಡ್ಡ ಬೀಕರಿಗೆ ಸುರಿಯಲಿ. ಕಾಯಿಸುವಾಗಲೂ ಹದ ಬೇಕು. ಅತಿಯಾಗಿ ಕಾಯಿಸಿದರೆ ಸಲ್ಫ್ಯೂರಿಕ್ಕೇ ಬಿಳಿ ಹೊಗೆ ಬಿಡುತ್ತದೆ, ಮಕ್ಕಳು ಅದನ್ನು ಕ್ಲೋರೈಡ್ ಉಪ್ಪಿನ ಗುರುತೆಂದು ಬರೆಯುತ್ತಾರೆ. ಮಾರ್ಕ್ಸೂ ಹೋಯಿತು, ಟ್ಯೂಬಿನ ಬಾಯಿ ಪಕ್ಕದವರ ಕಡೆ ತಿರುಗಿದ್ದರೆ ಅನಾಹುತವೂ ಆಯಿತು.

ಟೈಟ್ರೇಷನ್ (ಒಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಇನ್ನೊಂದರ ಪ್ರಮಾಣ ಅಳೆಯುವುದು) ಮಾಡುವ ಮೇಜಿನ ಮೇಲೆ ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಬಾಟಲಿ ಇರಲೇಬಾರದು. ಪರ್ಮಾಂಗನೇಟ್ ಟೈಟ್ರೇಷನ್ನಿಗೆ ಬೇಕಾದದ್ದು ಡೈಲ್ಯೂಟ್ ಆಸಿಡ್. ಗಟ್ಟಿ ಆಸಿಡ್ ಪರ್ಮಾಂಗನೇಟ್ ಹರಳಿಗೆ ಬಿದ್ದರೆ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಎಂಬ ಹಸಿರು ಎಣ್ಣೆಯಂಥ ವಸ್ತು ಆಗುತ್ತದೆ, ಅದು ಸ್ಫೋಟಿಸುತ್ತದೆ. ಪಿಪೆಟ್ಟನ್ನು ಬಾಯಲ್ಲಿ ಎಳೆಯುವ ರೂಢಿ ಇನ್ನೂ ಉಳಿದಿರುವ ಕಡೆ ದಯವಿಟ್ಟು ಇವತ್ತೇ ರಬ್ಬರ್ ಬಲ್ಬ್ ಕೊಡಿಸಿ. ಈ ಟೈಟ್ರೇಷನ್ನಿನಲ್ಲಿ ಪಿಪೆಟ್ಟಿಗೆ ಎಳೆಯುವ ಆಕ್ಸಾಲಿಕ್ ಆಸಿಡ್ ವಿಷ.

ಚೆಲ್ಲಿದರೆ? ಅಡುಗೆ ಸೋಡಾ ಇಡಿ ಎನ್ನುತ್ತಾರೆ, ಎಷ್ಟು ಎಂದು ಹೇಳುವುದಿಲ್ಲ. ಲೆಕ್ಕ ಹಾಕಿದರೆ 100 ಮಿ.ಲೀ. ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ಕಿಗೆ 300 ಗ್ರಾಮಿಗಿಂತ ಹೆಚ್ಚು ಸೋಡಾ ಬೇಕು. ಕಪಾಟಿನಲ್ಲಿರುವ ಐವತ್ತು ಗ್ರಾಮಿನ ಪೊಟ್ಟಣ ಸಮಾಧಾನಕ್ಕೆ ಮಾತ್ರ. ಐದು ಕೆ.ಜಿ. ಸೋಡಾ, ಒಂದು ಬಕೆಟ್ ಒಣ ಮರಳು ಇರಲಿ. ಮೊದಲು ಮರಳಿನಿಂದ ಸುತ್ತ ಕಟ್ಟೆ ಕಟ್ಟಿ, ಆಮೇಲೆ ಅಂಚಿನಿಂದ ಒಳಕ್ಕೆ ಸೋಡಾ ಉದುರಿಸುತ್ತ ಬನ್ನಿ. ನಡುವೆ ಒಮ್ಮೆಲೇ ಸುರಿದರೆ ನೊರೆಯೊಂದಿಗೆ ಆಸಿಡ್ ಸಿಡಿಯುತ್ತದೆ. ನೊರೆ ನಿಂತ ಮೇಲೆ ಗುಡಿಸಿ ತೆಗೆಯಿರಿ. ಮರದ ಹೊಟ್ಟು, ಹಳೆ ಬಟ್ಟೆ ಹಾಕಬೇಡಿ. ನೈಟ್ರಿಕ್ ಆಸಿಡ್ಡಿಗೆ ಅವು ಸೋಂಕಿದರೆ ಬೆಂಕಿ ಹೊತ್ತಿಕೊಳ್ಳಬಹುದು.

ಈ ಸೋಡಾ ನೆಲಕ್ಕೆ ಮಾತ್ರ, ಮೈಗಲ್ಲ. ಮೈಮೇಲೆ ಬಿದ್ದರೆ ನೀರು, ಧಾರಾಳ ನೀರು, ಕಡಿಮೆಯೆಂದರೆ 15 ನಿಮಿಷ. ಆಸಿಡ್ ತಾಗಿದ ಬಟ್ಟೆಯನ್ನು ಆಗಲೇ ತೆಗೆಯಬೇಕು. ನಾಚಿಕೆಗೆ ಅವಕಾಶ ಕೊಡದಂತೆ ಒಂದು ಹಳೆ ಬೆಡ್‌ಶೀಟ್ ಲ್ಯಾಬಿನಲ್ಲಿ ಇಟ್ಟಿರಿ, ಹುಡುಗಿಯರಿಗೆ ಅದು ದೊಡ್ಡ ಧೈರ್ಯ. ಕಣ್ಣಿಗಾದರೆ ರೆಪ್ಪೆ ಬೆರಳಿನಿಂದ ಅಗಲಿಸಿ ಹಿಡಿದು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಹರಿಯುವಂತೆ ತಲೆ ವಾಲಿಸಿ ತೊಳೆಯಿರಿ, ಇನ್ನೊಂದು ಕಣ್ಣಿಗೆ ಅದು ಹೋಗಬಾರದು. ಗಡಿಯಾರ ನೋಡಿ 15 ನಿಮಿಷ ಎಣಿಸುವವರು ಬೇರೆ ಒಬ್ಬರಿರಲಿ. ನೋವಿನಲ್ಲಿರುವವರಿಗೆ ಎರಡು ನಿಮಿಷವೇ ಹದಿನೈದರಂತೆ ಕಾಣುತ್ತದೆ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು, ಬಾಟಲಿಯ ಲೇಬಲ್ಲಿನ ಫೋಟೊ ಜೊತೆಗಿರಲಿ. ಫೀನಾಲ್ ಬಿದ್ದಾಗ ಮೋಸವಾಗುತ್ತದೆ. ಅದು ಚರ್ಮವನ್ನು ಮರಗಟ್ಟಿಸುವುದರಿಂದ ನೋವೇ ಗೊತ್ತಾಗದೆ ಬೆಳ್ಳಗಿನ ಕಲೆ ಮಾತ್ರ ಕಾಣಬಹುದು. ನೋವಿಲ್ಲವೆಂದು ಬಿಡಬೇಡಿ.

ಕಪಾಟಿನಲ್ಲಿ ಅಕ್ಷರಮಾಲೆಯ ಕ್ರಮ ನೋಡಲು ಚೆಂದ, ಆದರೆ ಅಸಿಟಿಕ್, ಅಸಿಟೋನ್, ಆಲ್ಕೋಹಾಲ್ ಇರುವ ಕಡೆ ನೈಟ್ರಿಕ್ ಬರಬಾರದು. ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಒಂದೇ ಕಪಾಟಿನಲ್ಲಿದ್ದರೆ ಬಾಟಲಿಗಳ ಮೇಲೆ ಬಿಳಿ ಪುಡಿ ಕಟ್ಟಿರುತ್ತದೆ, ಅದು ಅಮೋನಿಯಂ ಕ್ಲೋರೈಡ್. ಆ ಪುಡಿ ಕಂಡರೆ ಒಂದನ್ನು ಬೇರೆ ಕಡೆಗೆ ಸಾಗಿಸಿ. ಆಸಿಡ್ಡುಗಳು ಎದೆಮಟ್ಟಕ್ಕಿಂತ ಕೆಳಗೆ, ಪ್ಲಾಸ್ಟಿಕ್ ಟ್ರೇಯಲ್ಲಿರಲಿ. ಬೇಸಿಗೆಯಲ್ಲಿ ಅಮೋನಿಯಾ ಬಾಟಲಿಯೊಳಗೆ ಒತ್ತಡ ಕಟ್ಟುತ್ತದೆ. ತೆರೆಯುವ ಮುನ್ನ ಅರ್ಧ ಗಂಟೆ ತಣ್ಣೀರಿನಲ್ಲಿ ನಿಲ್ಲಿಸಿ, ಬಾಯಿ ಮುಖದಿಂದ ಆಚೆ ಇರಲಿ. ಟೋಲೆನ್ಸ್ ರಿಯೇಜೆಂಟನ್ನು (ಆಲ್ಡಿಹೈಡ್ ಪರೀಕ್ಷೆಗೆ ಮಾಡುವ ಬೆಳ್ಳಿಯ ದ್ರಾವಣ) ನಾಳೆಗೆಂದು ಎತ್ತಿಡಲೇಬೇಡಿ. ಇಟ್ಟಷ್ಟೂ ಸ್ಫೋಟಿಸುವ ಬೆಳ್ಳಿಯ ಸಂಯುಕ್ತ ಅದರಲ್ಲಿ ಕೂಡಿಕೊಳ್ಳುತ್ತದೆ. ಬೇಕಾದಷ್ಟೇ ಮಾಡಿ, ಉಳಿದದ್ದಕ್ಕೆ ಅವತ್ತೇ ಡೈಲ್ಯೂಟ್ ನೈಟ್ರಿಕ್ ಹಾಕಿ ಆಮ್ಲೀಯವಾಗಿಸಿ ಬಿಡಿ.

2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಆಸಿಡ್ ದಾಳಿಗೆ ಒಳಗಾದ ಲಕ್ಷ್ಮಿಯವರ ಪ್ರಕರಣದಲ್ಲಿ ಆಸಿಡ್ ಮಾರಾಟಕ್ಕೆ ಕಡಿವಾಣ ಹಾಕಿದಾಗ ವಿದ್ಯಾಸಂಸ್ಥೆಗಳಿಗೂ ಹೊಣೆ ಹೊರಿಸಿದೆ. ಬಳಕೆಯ ರಿಜಿಸ್ಟರ್ ಇಟ್ಟು ಉಪವಿಭಾಗಾಧಿಕಾರಿಗೆ ಸಲ್ಲಿಸಬೇಕು, ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಬೇಕು, ಲ್ಯಾಬಿನಿಂದ ಹೊರಹೋಗುವವರನ್ನು ತಪಾಸಣೆ ಮಾಡಬೇಕು. ರಿಜಿಸ್ಟರಿನಲ್ಲಿ ಹೆಡ್ ಆಫ್ ಡಿಪಾರ್ಟ್‌ಮೆಂಟ್ ಹೆಸರಿದ್ದು, ಕಪಾಟಿನ ಕೀಲಿ ಕಿಟಕಿಯ ಮೊಳೆಗೆ ನೇತಾಡುತ್ತಿದ್ದರೆ ಆ ಮೊಳೆ ಕೀಳಿ. ಬಾಟಲಿ ಹೊರಗೆ ಹೋದಾಗ ಒಮ್ಮೆ, ಒಳಗೆ ಬಂದಾಗ ಒಮ್ಮೆ ತಕ್ಕಡಿಗಿಟ್ಟು ತೂಕ ಬರೆಯಿರಿ. ಎರಡು ತೂಕಗಳ ವ್ಯತ್ಯಾಸವನ್ನು ಗ್ರಾಮಿನಲ್ಲಿ ತೆಗೆದುಕೊಂಡು 1.84ರಿಂದ ಭಾಗಿಸಿದರೆ ಎಷ್ಟು ಮಿ.ಲೀ. ಸಲ್ಫ್ಯೂರಿಕ್ ಖರ್ಚಾಯಿತು ಎಂಬುದು ಬಿರಡೆ ತೆಗೆಯದೆಯೇ ಸಿಗುತ್ತದೆ.